ಬ್ಯಾಟರಿ ಸತ್ತಿದೆಯೋ, ಬರೀ ಹಸಿದಿದೆಯೋ?

ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಯ್ತೋ ಇಲ್ಲವೋ ಅಂತ ನೋಡೋಕೆ ನಾವು ಅದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ನೀರಿನ ಸದ್ದು ನಿಂತು ಉಂಡೆ ಲೊಡಲೊಡ ಅಂದರೆ ಮಾತ್ರ ಸುಲಿಯೋಕೆ ಇಳಿಸುತ್ತೇವೆ. ಒಂದು ಕಾಯಿಗೆ ಇಷ್ಟು ಪರೀಕ್ಷೆ ಮಾಡುವ ತಿಪಟೂರು ಸೀಮೆಯ ನಾವು, ಸಾವಿರಾರು ರೂಪಾಯಿಯ ಬ್ಯಾಟರಿಯನ್ನು ಪರೀಕ್ಷೆಯೇ ಇಲ್ಲದೆ ಗುಜರಿಗೆ ಹಾಕುತ್ತಿದ್ದೇವೆ. ಇದು ಸರಿಯಲ್ಲ ಅನ್ನೋದು ನನ್ನ ಅನುಭವದ ಮಾತು.

2020ರ ಲಾಕ್‌ಡೌನ್‌ನಲ್ಲಿ ನನ್ನ ಹಳೇ ಕಾರು ಎರಡು ತಿಂಗಳು ಕೊಟ್ಟಿಗೆ ಪಕ್ಕದಲ್ಲೇ ನಿಂತಿತ್ತು. ಆಮೇಲೆ ಕೀಲಿ ತಿರುಗಿಸಿದರೆ ಬರೀ ಕಟಕಟ ಸದ್ದು. ಗ್ಯಾರೇಜಿನವರು ಬಾನೆಟ್ ಎತ್ತಿ, "ಸತ್ತೋಗಿದೆ ಯಜಮಾನ್ರೆ, ಹೊಸದು ಹಾಕ್ಸಿ" ಅಂದರು. ಹಾಕಿಸಿದೆ. ಅಳೆದು ನೋಡಿ ಅಂತ ನಾನೂ ಕೇಳಲಿಲ್ಲ. ಹಾಗಾಗಿ ತಪ್ಪಿನಲ್ಲಿ ಅರ್ಧ ಪಾಲು ನನ್ನದೇ.

2023ರ ಮಳೆಗಾಲದಲ್ಲಿ ಮತ್ತೆ ಅದೇ ಕಥೆ. ಈ ಸಲ ನಮ್ಮೂರಲ್ಲಿ ಮೋಟಾರು ಕಾಯಿಲ್ ಕಟ್ಟುವ ಹುಡುಗನನ್ನು ಕರೆದೆ. ಅವನು ಮೊದಲು ಟರ್ಮಿನಲ್ ನೋಡಿದ. ಬಿಳಿ ಪುಡಿ ಕಟ್ಟಿರಲಿಲ್ಲ, ವೈರೂ ಬಿಗಿಯಾಗಿತ್ತು. ಮೀಟರ್ ಇಟ್ಟರೆ 11.8 ವೋಲ್ಟ್. ತುಂಬಿದ ಬ್ಯಾಟರಿ ಸುಮ್ಮನೆ ನಿಂತಾಗ 12.6 ತೋರಿಸಬೇಕು, 12.2 ಅಂದರೆ ಅರ್ಧ ಖಾಲಿ. ಆಮೇಲೆ ಆರೂ ಸೆಲ್ಲಿನ ಮುಚ್ಚಳ ಬಿಚ್ಚಿ ಹೈಡ್ರೋಮೀಟರ್ ಅದ್ದಿದ. ತುಂಬಿದ್ದರೆ ಗ್ರಾವಿಟಿ 1250ರ ಮೇಲಿರಬೇಕು. ಎಲ್ಲದರಲ್ಲೂ 1150ರ ಆಸುಪಾಸು ಇತ್ತು.

"ಅಣ್ಣಾ, ಇದು ಸತ್ತಿಲ್ಲ, ಹಸಿದಿದೆ ಅಷ್ಟೆ" ಅಂದ. ಐದು ಸೆಲ್ ಒಂದು ಸಮ ಇದ್ದು, ಒಂದೇ ಒಂದು 50 ಪಾಯಿಂಟಿಗಿಂತ ಕೆಳಗಿದ್ದರೆ ಆ ಸೆಲ್ ಕೆಟ್ಟಿದೆ ಅಂತ ಅರ್ಥ. ಆರೂ ಸಮನಾಗಿ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿ ನೋಡಬೇಕು.

ನನ್ನದು 45 ಆಂಪಿಯರ್-ಅವರ್ ಬ್ಯಾಟರಿ. ಅದರ ಹತ್ತನೇ ಒಂದು ಪಾಲು, ಅಂದರೆ ಸುಮಾರು 4 ಆಂಪಿಯರಿನಲ್ಲಿ ಸಂಜೆ ಆರಕ್ಕೆ ಹಾಕಿ ಬೆಳಗ್ಗೆ ಆರಕ್ಕೆ ತೆಗೆದೆವು. ಅವಸರಕ್ಕೆ ಜಾಸ್ತಿ ಕರೆಂಟು ಬಿಟ್ಟರೆ ಪ್ಲೇಟು ಹಾಳಾಗ್ತದೆ. ಕೆಲವು ಗಂಟೆ ಬಿಟ್ಟು ಅಳೆದರೆ 12.6 ವೋಲ್ಟ್. ಅದೇ ಬ್ಯಾಟರಿ ಇನ್ನೂ ಎರಡು ವರ್ಷ ನಡೆಯಿತು.

ಹಸಿದದ್ದು ಯಾಕೆ? ಡಿಕ್ಕಿ ಬಾಗಿಲು ಸರಿಯಾಗಿ ಕೂರದೆ ಒಳಗಿನ 5 ವಾಟಿನ ಬಲ್ಬು ಮೂರ್ನಾಲ್ಕು ದಿನ ಉರಿಯುತ್ತಲೇ ಇತ್ತು! ಕಾರಣ ಹುಡುಕದೆ ಹೊಸ ಬ್ಯಾಟರಿ ಹಾಕಿದ್ದರೆ ಅದೂ ವಾರದಲ್ಲಿ ಮಲಗುತ್ತಿತ್ತು. ಬಲ್ಬಿನ ತಪ್ಪು ಇಲ್ಲದಿದ್ದರೆ ಎಂಜಿನ್ ಓಡುವಾಗ ಅಳೆಯಿರಿ. ಸುಮಾರು 13.8ರಿಂದ 14.4 ವೋಲ್ಟ್ ಬರದಿದ್ದರೆ ಡೈನಮೋ ಅಥವಾ ಬೆಲ್ಟ್ ಕಡೆ ನೋಡಬೇಕು.

ಕೆಲವು ಎಚ್ಚರಿಕೆ. ಚಾರ್ಜ್ ಆಗುವಾಗ ಬರುವ ಗ್ಯಾಸು ಸಿಡಿಯುತ್ತದೆ. ಬೀಡಿ, ಕಿಡಿ ದೂರವಿರಲಿ, ಗಾಳಿಯಾಡುವ ಜಾಗದಲ್ಲಿಡಿ. ಬಿಚ್ಚುವಾಗ ಮೊದಲು ನೆಗೆಟಿವ್, ಕಟ್ಟುವಾಗ ಕೊನೆಗೆ ನೆಗೆಟಿವ್. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರು ಬೇಡ, ಆಸಿಡ್ಡಂತೂ ಬೇಡವೇ ಬೇಡ. ಮುಚ್ಚಳವೇ ಇಲ್ಲದ ಸೀಲ್ಡ್ ಬ್ಯಾಟರಿಗೆ ವೋಲ್ಟ್ ಮೀಟರೊಂದೇ ದಾರಿ.

ಎಲ್ಲ ಬ್ಯಾಟರಿಯೂ ಬದುಕುತ್ತದೆ ಅಂತ ನಾನು ಹೇಳುವುದಿಲ್ಲ. ವಾರಗಟ್ಟಲೆ ಖಾಲಿ ನಿಂತದ್ದರ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಚಾರ್ಜ್ ಹಿಡಿಯುವುದಿಲ್ಲ. ನನ್ನ 2020ರದ್ದು ಹಾಗೇ ಆಗಿತ್ತೋ ಏನೋ. ಅಳೆಯದೇ ಕೊಟ್ಟದ್ದರಿಂದ ಇವತ್ತಿಗೂ ಅದು ಗೊತ್ತಿಲ್ಲ. ನಿಜವಾಗಿ ಸತ್ತದ್ದನ್ನು ಅಂಗಡಿಗೇ ವಾಪಸು ಕೊಡಿ, ಒಳಗಿರುವುದು ಸೀಸ. ತೋಟದಲ್ಲಿ ಒಡೆದು ಆಸಿಡ್ ಚೆಲ್ಲಿದರೆ ಹಾಳಾಗೋದು ನಮ್ಮದೇ ಮಣ್ಣು, ನಮ್ಮದೇ ನೀರು.

ನನ್ನ ಸಲಹೆ ಇಷ್ಟೆ. ಹೈಡ್ರೋಮೀಟರ್, ಮಲ್ಟಿಮೀಟರ್, ಚಾರ್ಜರ್ ಪ್ರತಿ ಮನೆಗೂ ಬೇಕಿಲ್ಲ. ಹತ್ತು ಮನೆಯವರು ಸೇರಿ ಒಂದೊಂದು ಕೊಂಡು ಹಾಲಿನ ಡೇರಿಯಲ್ಲಿಟ್ಟರೆ ಟ್ರ್ಯಾಕ್ಟರು, ಗೂಡ್ಸ್ ಆಟೋ, ಕಾರು ಎಲ್ಲಕ್ಕೂ ಆಯಿತು. ಒಂದು ಬ್ಯಾಟರಿ ಉಳಿದರೂ ದುಡ್ಡು ವಾಪಸ್ ಬಂದಂತೆ. ಹರಾಜಿನ ದಿನ ಕೊಬ್ಬರಿ ಚೀಲ ತುಂಬಿಕೊಂಡ ಗಾಡಿ ಅಂಗಳದಲ್ಲೇ ನಿಂತ ಸಂಕಟ ಉಂಡವರಿಗೆ ಇದರ ಬೆಲೆ ಗೊತ್ತು. ನಿಮ್ಮೂರಲ್ಲಿ ಇಂಥ ಪ್ರಯತ್ನ ನಡೆದಿದ್ದರೆ ಪತ್ರಿಕೆಗೆ ಬರೆಯಿರಿ.