ಸ್ವಾವಲಂಬನೆಗೆ ಯಾರ ಮುಖ?

ಗ್ರಾಮ ಸ್ವಾವಲಂಬನೆಯ ಆದರ್ಶ ಒಬ್ಬರ ಭಾವಚಿತ್ರದಲ್ಲಿ ಹಿಡಿಸೀತೇ? ಚರಕದ ಮುಂದೆ ಕುಳಿತ ಗಾಂಧೀಜಿಯ ಪಟ ತೂಗುಹಾಕಿದ ಗೋಡೆಗಳೆಲ್ಲ ಹಿಡಿಸುತ್ತದೆಂದೇ ನಂಬಿವೆ. ಚಿತ್ರಕಾರ ನಂದಲಾಲ್ ಬೋಸ್ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. 1930ರಲ್ಲಿ, ಕೋಲು ಹಿಡಿದು ನಡೆಯುವ ಬಾಪುವನ್ನು ಕಪ್ಪು ಬಿಳುಪಿನ ಲಿನೋ ಅಚ್ಚಿನಲ್ಲಿ ಕೊರೆದವರು ಅವರೇ. ಆದರೆ 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಕರೆದಾಗ ಬೋಸರ ಕುಂಚ ನಾಯಕರನ್ನು ಬಿಟ್ಟು ದುಡಿಯುವವರ ಕಡೆ ತಿರುಗಿತು. ಅವರೂ ಸಂಗಡಿಗರೂ ಸೇರಿ ಕೈಕಾಗದದ ಮೇಲೆ, ಮಣ್ಣಿನ ಬಣ್ಣಗಳಲ್ಲಿ ಸುಮಾರು 400 ಚಿತ್ರ ಬರೆದರು. ನೂಲುವವಳು, ಬಡಗಿ, ಡೋಲಿನವನು ಹೀಗೆ ಊರೇ ಅಲ್ಲಿತ್ತು. ಅವರಲ್ಲಿ ಬಹುಮಂದಿಯ ಕಣ್ಣು ನಮ್ಮ ಮೇಲಿಲ್ಲ, ಕೈಯ ಕೆಲಸದ ಮೇಲಿದೆ. ಸ್ವಾವಲಂಬನೆಯೆಂದರೆ ಒಂಟಿ ಮನುಷ್ಯನ ಗಟ್ಟಿತನವಲ್ಲ, ಒಬ್ಬರ ಕಸುಬಿಗೆ ಇನ್ನೊಬ್ಬರ ಕಸುಬು ಆಸರೆಯಾಗುವುದು ಎಂಬುದನ್ನು ನಾನು ಕಂಡದ್ದು ಆ ಚಿತ್ರಗಳಲ್ಲೇ.

ಆದರೂ ಒಂದು ಕೊರತೆ ನನ್ನನ್ನು ಬಿಡದೆ ಕಾಡುತ್ತದೆ. ಆ ಚಿತ್ರಗಳಲ್ಲಿರುವವರಿಗೆ ಹೆಸರಿಲ್ಲ. ದೊಡ್ಡವರಿಗೆ ಹೆಸರು, ದುಡಿಯುವವರಿಗೆ ಬರೀ ಕಸುಬು ಎಂಬ ಹಳೆಯ ಲೆಕ್ಕ ಅಲ್ಲೂ ಉಳಿಯಿತು.

ಯಾದಗಿರಿ ಸೀಮೆಯ ಮುದನಾಳದ ಕಡೆಯಿಂದ ನೋಡಿದರೆ ಈ ಕೊರತೆ ಇನ್ನೂ ಚುಚ್ಚುತ್ತದೆ. ಇದು ಹತ್ತಿ, ತೊಗರಿ ಬೆಳೆಯುವ ನೆಲ. ಇಲ್ಲಿನ ಹತ್ತಿ ಅಡತಿ ಅಂಗಡಿ, ಜಿನ್ನಿಂಗ್ ಮಿಲ್ಲು ದಾಟಿ ಎಲ್ಲಿಗೋ ಹೋಗುತ್ತದೆ, ಬಟ್ಟೆ ಎಲ್ಲಿಂದಲೋ ಬರುತ್ತದೆ. ಬೆಳೆದವರ ಮಕ್ಕಳು ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕಟ್ಟುತ್ತಾರೆ. ಇಂಥ ಕಡೆ ನಗುಮುಖದ ರೈತನನ್ನು ಬರೆದು ಸ್ವಾವಲಂಬಿ ಎಂದು ಹೆಸರಿಟ್ಟರೆ ಅದು ಸುಳ್ಳು.

ಹಾಗಾದರೆ ಬರೆಯುವುದೇ ಬೇಡವೇ? ಬೇಕು, ಬೇಕೇ ಬೇಕು. ಅದಕ್ಕೆ ಬೇಕಾದ ಕೈಗುಣ ಹತ್ತಿರದಲ್ಲೇ ಇದೆ. ಸುರಪುರದ ಗರುಡಾದ್ರಿ ಮನೆತನದ ಕಲಾವಿದರು ದೇವರನ್ನೂ ದೊರೆಗಳನ್ನೂ ಕೂದಲೆಳೆಯ ಗೆರೆಗಳಲ್ಲಿ, ಚಿನ್ನದ ಮೆರುಗಿನಲ್ಲಿ ಬರೆದರು. ಅದೇ ಗೆರೆ, ಅದೇ ಚಿನ್ನ ಮುದನಾಳದ ಹೊಲದಲ್ಲಿ ಹತ್ತಿ ಬಿಡಿಸುವವಳಿಗೆ ಸಲ್ಲಲಿ. ಅವಳು ಒಪ್ಪಿದರೆ ಕೆಳಗೆ ಅವಳ ಹೆಸರೂ ಇರಲಿ. ಚಿನ್ನ ಬಳಿದರೆ ಬಡತನಕ್ಕೆ ಅಲಂಕಾರ ಮಾಡಿದಂತಾಗದೇ ಎಂದು ಕೇಳುವವರುಂಟು. ಆ ಅಳುಕು ನ್ಯಾಯವಾದದ್ದೇ. ಆದ್ದರಿಂದಲೇ ಅವಳ ಪಕ್ಕದಲ್ಲಿ ತಕ್ಕಡಿಯನ್ನೂ ಬರೆಯಬೇಕು. ಬೆಳೆ ಅವಳದು, ಬೆಲೆ ಕಟ್ಟುವವರು ಬೇರೆ ಎಂಬುದು ನೋಡಿದವರಿಗೆ ತಿಳಿಯಬೇಕು. ಹರಿಪುರದ ಚಿತ್ರಗಳು ಹಳ್ಳಿಗರ ಕಣ್ಣಿಗೇ ಬೀಳುವಂತೆ ಬಯಲಲ್ಲಿ ನಿಂತಿದ್ದವು. ಹತ್ತಿ ಬಿಡಿಸುವವಳ ಈ ಚಿತ್ರವೂ ಯಾದಗಿರಿಯ ಮಾರುಕಟ್ಟೆ ಅಂಗಳದಲ್ಲಿ, ತೂಗುವವರಿಗೂ ಕೊಳ್ಳುವವರಿಗೂ ಕಾಣುವಂತಿರಲಿ. ತಪ್ಪು ಬರೆದಿದ್ದರೆ ಅವಳೇ ಬಂದು ಹೇಳಬಹುದು.