ಫುಪ್ಪುವಿನ ಹೆಸರನ್ನೂ ಬರೆಯಿರಿ

ಅಕೌಂಟೆನ್ಸಿಯಲ್ಲಿ ಒಂದು ವಿಚಿತ್ರ ತಪ್ಪಿದೆ. ಒಂದು ವ್ಯವಹಾರವನ್ನು ಪುಸ್ತಕದಲ್ಲಿ ಬರೆಯುವುದನ್ನೇ ಪೂರ್ತಿ ಬಿಟ್ಟರೂ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ. ಲೆಕ್ಕ ಮಾತ್ರ ಸುಳ್ಳು. ಸ್ತನ ಕ್ಯಾನ್ಸರ್ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇದೇ ತಪ್ಪು ನಡೆಯುತ್ತಿದೆ.

ಒಬ್ಬ ಮಹಿಳೆಗೆ ಈ ಕಾಯಿಲೆ ಬರುವ ಸಾಧ್ಯತೆ ಎಷ್ಟು ಎಂದು ಅಂದಾಜಿಸಲು ವೈದ್ಯರು ಕೆಲವು ಪ್ರಶ್ನೆ ಕೇಳುತ್ತಾರೆ. ವಯಸ್ಸೆಷ್ಟು? ಮುಟ್ಟು ಶುರುವಾದದ್ದು ಯಾವಾಗ? ಮೊದಲ ಹೆರಿಗೆ ಯಾವ ವಯಸ್ಸಿನಲ್ಲಿ? ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಬಂದಿತ್ತೇ? ಈ ಉತ್ತರಗಳನ್ನು ನೋಡಿ ತಪಾಸಣೆ ಯಾವಾಗ ಶುರುಮಾಡಬೇಕು, ಎಷ್ಟು ವರ್ಷಕ್ಕೊಮ್ಮೆ ಮಾಡಬೇಕು ಎಂದು ತೀರ್ಮಾನಿಸುತ್ತಾರೆ.

1989ರಲ್ಲಿ ಅಮೆರಿಕದಲ್ಲಿ ಬಂದ ‘ಗೇಲ್ ಮಾಡೆಲ್’ ಎಂಬ ಲೆಕ್ಕಾಚಾರ ತಾಯಿ, ಅಕ್ಕತಂಗಿ, ಮಗಳಂಥ ಹತ್ತಿರದವರನ್ನು ಮಾತ್ರ ಹಿಡಿಯುತ್ತದೆ. ಆದರೆ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ದೋಷ ತಂದೆಯಿಂದಲೂ ಬರಬಹುದು. ಇಂಗ್ಲಿಷಿನವರಿಗೆ ಎಲ್ಲರೂ ‘ಆಂಟಿ’. ನಮಗೆ ಉರ್ದುವಿನಲ್ಲಿ ಖಾಲಾ ಬೇರೆ, ಫುಪ್ಪು ಬೇರೆ; ಕನ್ನಡದಲ್ಲೂ ಚಿಕ್ಕಮ್ಮ ಬೇರೆ, ಸೋದರತ್ತೆ ಬೇರೆ. ಇಷ್ಟು ಸ್ಪಷ್ಟವಾಗಿ ಸಂಬಂಧ ಗುರುತಿಸುವ ನಾವು ಫುಪ್ಪುವಿನ ಕಾಯಿಲೆಯನ್ನು ‘ಗಡ್ಡೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಹೆಸರು ಹೇಳಿದರೆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯ. ಆ ಭಯದಿಂದ ನಷ್ಟವಾಗುವುದು ಅದೇ ಹೆಣ್ಣುಮಕ್ಕಳಿಗೆ.

‘ನಮ್ಮ ಖಾನ್‌ದಾನ್‌ನಲ್ಲಿ ಯಾರಿಗೂ ಇಲ್ಲ’ ಎಂಬ ಧೈರ್ಯವೂ ಸಾಲದು. ಈ ಕಾಯಿಲೆ ಬಂದ ಹೆಚ್ಚಿನವರ ಮನೆಯಲ್ಲಿ ಮೊದಲು ಯಾರಿಗೂ ಬಂದಿರುವುದಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಎಲ್ಲ ಮಹಿಳೆಯರಿಗೂ 5 ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಮಾಡುವ ಪರೀಕ್ಷೆ ಇದೆ.

‘ಗಂಡಸು ಡಾಕ್ಟರ್ ಮುಂದೆ ಹೇಗೆ?’ ಎಂದು ನಮ್ಮ ಅಮ್ಮಂದಿರು ಹಿಂಜರಿಯುತ್ತಾರೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಒಂದೂವರೆ ಲಕ್ಷ ಮಹಿಳೆಯರನ್ನು ಸೇರಿಸಿ 20 ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೀಗೆ ಪರೀಕ್ಷೆ ಮಾಡಿದವರು ತರಬೇತಿ ಪಡೆದ ಮಹಿಳಾ ಕಾರ್ಯಕರ್ತೆಯರು. ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ, 50 ದಾಟಿದವರ ಪೈಕಿ, ಈ ಕಾಯಿಲೆಯಿಂದಾಗುವ ಸಾವು ಸುಮಾರು ಶೇ 30ರಷ್ಟು ಕಡಿಮೆಯಿತ್ತು.

ಗೆಳೆಯ ಗೆಳತಿಯರೇ, ಈ ವಾರ ಒಂದು ಹಾಳೆ ತೆಗೆದುಕೊಳ್ಳಿ. ನಾನಿಯ ಕಡೆ, ದಾದಿಯ ಕಡೆ ಯಾರಿಗೆ, ಯಾವ ವಯಸ್ಸಿನಲ್ಲಿ ಕ್ಯಾನ್ಸರ್ ಬಂದಿತ್ತು ಎಂದು ಹಿರಿಯರನ್ನು ಕೇಳಿ ಬರೆಯಿರಿ. ಹುಡುಗರೂ ಬರೆಯಬೇಕು, ಜೀನ್ ದೋಷ ಗಂಡುಮಕ್ಕಳ ಮೂಲಕವೂ ಮುಂದೆ ಹೋಗುತ್ತದೆ. ಆ ಹಾಳೆ ಹಿಡಿದು ಅಮ್ಮನ ಜೊತೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ.