ಮಳಿ ಬಂತು, ಮ್ಯಾಚ್ ಹೋತು

ನಮ್ಮೂರ ಹೆಸರು ಸುಳ್ಳ. ಹುಬ್ಬಳ್ಳಿ ತಾಲ್ಲೂಕಿನಾಗ ಐತಿ. ಬೆಂಗಳೂರಿನ ಆಫೀಸಿನಲ್ಲಿದ್ದಾಗ ಯಾರಾದರೂ ಊರು ಕೇಳಿ, ನಾನು ‘ಸುಳ್ಳ’ ಅಂದರೆ, ‘ನಿಜ ಹೇಳಿ ಸಾರ್’ ಅನ್ನುತ್ತಿದ್ದರು. ಊರು ಖರೇನ. ಆದರೆ ‘ಭಾನುವಾರ ಮುಂಜಾನೆ 7ಕ್ಕೆ ಮ್ಯಾಚ್ ಪಕ್ಕಾ’ ಅಂತ ನಮ್ಮ ವಾಟ್ಸ್ಯಾಪ್ ಗ್ರೂಪಿಗೆ ಬರುವ ಮೆಸೇಜು ಮಾತ್ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಊರ ಹೆಸರಿಗೆ ತಕ್ಕಂತೆಯೇ ಇರುತ್ತದೆ.

ನಮ್ಮದು ದೊಡ್ಡ ಟೂರ್ನಿ ಏನಲ್ಲ. ಆರು ಓವರ್, ಟೆನ್ನಿಸ್ ಬಾಲ್, ಊರ ಹೊರಗಿನ ಬಯಲು. ತಲಾ ₹20 ಹಾಕಬೇಕು, ಸೋತ ಟೀಮು ಮಿರ್ಚಿ, ಗಿರ್ಮಿಟ್, ಚಾ ಕೊಡಿಸಬೇಕು. ಪಾಯಿಂಟ್ಸ್ ಟೇಬಲ್ ಶೀಟ್‌ನಲ್ಲಿ ಇಡುವ ಕೆಲಸ ನನ್ನದು. ಇಂಜಿನಿಯರ್ ಅಂದಮ್ಯಾಲೆ ಅಷ್ಟಾದರೂ ಮಾಡಬೇಕಲ್ಲ! ಆಡುವವರಲ್ಲಿ ಅರ್ಧ ಜನ ನನ್ನ ಹಾಗೆ ಹುಬ್ಬಳ್ಳಿಯಲ್ಲಿ ಇದ್ದು ಕೆಲಸ ಮಾಡುವವರು. ಇನ್ನರ್ಧ ಊರಲ್ಲೇ ಹೊಲ ಮಾಡುವವರು. ವಾರಕ್ಕೊಮ್ಮೆ ಎಲ್ಲರೂ ಒಂದೇ ಕಡೆ ಸೇರುವುದು ಆ ಎರಡು ತಾಸು ಮಾತ್ರ.

ಈ ಸಲ ಮಘಾ ಮಳಿ ಹಿಡಿದದ್ದು ಬಿಡಲೇ ಇಲ್ಲ. ಸಾಲಾಗಿ ಮೂರು ಭಾನುವಾರ ಹೋದವು. ಮೊದಲನೇ ವಾರ ಹಠ ಮಾಡಿ ಆಡಿದೆವು. ಬಾಲು ನೀರು ಕುಡಿದು ತೊಯ್ದ ಅರಿವಿ ಮುದ್ದಿಯಾಯಿತು, ಪುಟಿಯಲೇ ಇಲ್ಲ. ಬೌಲರ್ ಓಡಿ ಬಂದರೆ ಚಪ್ಪಲಿ ಹಿಂದೆ, ಕಾಲು ಮುಂದೆ. ಎರಡನೇ ಓವರಿಗೇ ನಮ್ಮ ಕೀಪರ್ ಜಾರಿ ಬಿದ್ದು ಮಣಿಕಟ್ಟು ಹೊರಳಿಸಿಕೊಂಡ. ಎರಡನೇ ವಾರ ಬಯಲಿಗೆ ಹೋಗುವ ದಾರಿಯೇ ರಾಡಿ, ಬೈಕಿನ ಗಾಲಿ ತಿರುಗಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಎರಿ ಮಣ್ಣು. ಇದರಲ್ಲಿರುವ ಜೇಡಿ ನೀರು ಸಿಕ್ಕರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬ್ಯಾಸಗಿಯಲ್ಲಿ ಆ ಬಿರುಕಿನೊಳಗೆ ಬಾಲು ಸಿಕ್ಕೊಂಡು ಫೀಲ್ಡರ್ ಹುಡುಕುವಷ್ಟರಲ್ಲಿ ನಾಲ್ಕು ರನ್ ಓಡಿದ್ದೂ ಇದೆ. ಮಳೆಗಾಲದ ಮೊದಲ ನೀರನ್ನು ಬಿರುಕುಗಳು ಗಟಗಟ ಕುಡಿಯುತ್ತವೆ. ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ಮೇಲೆ ನಿಂತ ನೀರು ಕೆಳಗಿಳಿಯುವುದೇ ಇಲ್ಲ. ಟಿವಿಯಲ್ಲಿ ಕಾಮೆಂಟರಿಯವರು ‘ಬ್ಲ್ಯಾಕ್ ಸಾಯಿಲ್ ಪಿಚ್’ ಅಂದಾಗ ನಮಗೆ ನಗು ಬರುತ್ತದೆ. ಅವರಿಗೆ 22 ಗಜ ಅಷ್ಟೇ ಕಪ್ಪು ಮಣ್ಣು, ನಮಗೆ ಬೌಂಡರಿಯಾಚೆಗೂ ಅದೇ.

ದೊಡ್ಡವರ ಆಟಕ್ಕೂ ಮಳೆಯ ಮುಂದೆ ಏನೂ ನಡೆಯುವುದಿಲ್ಲ ಅನ್ನಿ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಹುಲ್ಲಿನ ಕೆಳಗೆ ಮರಳು ಹಾಸಿ, ನೀರು ಎಳೆದುಕೊಳ್ಳುವ ಸಬ್‌ಏರ್ ಯಂತ್ರ ಕೂರಿಸಿದ್ದಾರೆ. ಆದರೂ 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನ ಪೂರ್ತಿ ಮಳೆಗೆ ಹೋಯಿತು. ಮರುದಿನ ನಮ್ಮವರು 46ಕ್ಕೆ ಆಲೌಟ್. 2025ರ ಮೇ 17ರಂದು ಆರ್‌ಸಿಬಿ–ಕೆಕೆಆರ್ ಮ್ಯಾಚಿಗೆ ಟಾಸ್ ಕೂಡ ಆಗಲಿಲ್ಲ. ನಿಂತ ನೀರು ತೆಗೆಯಬಹುದು, ಬೀಳುವ ಮಳೆ ನಿಲ್ಲಿಸಲಿಕ್ಕಾಗದು. ಇನ್ನು 1992ರ ವಿಶ್ವಕಪ್ ಸೆಮಿಫೈನಲ್ ಗೊತ್ತಲ್ಲ? ದಕ್ಷಿಣ ಆಫ್ರಿಕಾಕ್ಕೆ 13 ಎಸೆತಕ್ಕೆ 22 ರನ್ ಬೇಕಿತ್ತು. ಮಳೆ ನಿಂತ ಮೇಲೆ ಲೆಕ್ಕ ಹಾಕಿದರೆ 1 ಎಸೆತಕ್ಕೆ 21! ಡಕ್‌ವರ್ತ್–ಲೂಯಿಸ್ ಲೆಕ್ಕ ಬಂದದ್ದು ಇಂಥ ಅನ್ಯಾಯಗಳು ಆದ ಮೇಲೆಯೇ.

ಎರಡನೇ ವಾರ ಮ್ಯಾಚ್ ತಪ್ಪಿದಾಗ ಗ್ರೂಪಿನಲ್ಲಿ ಒಬ್ಬ ಹುಬ್ಬಳ್ಳಿಯ ಟರ್ಫ್ ಫೋಟೋ ಹಾಕಿದ. ಹಸಿರು ಹಾಸು, ಸುತ್ತ ಬಲೆ, ಲೈಟು, ತಾಸಿನ ಲೆಕ್ಕದಲ್ಲಿ ಬಾಡಿಗೆ. ‘ಇನ್ನಮ್ಯಾಲೆ ಇಲ್ಲೇ ಆಡೋಣು, ಮಳಿ ಚಿಂತಿಲ್ಲ’ ಅಂದ. ಸಿಟಿಯವರೆಲ್ಲ ತಂಬ್ಸ್ ಅಪ್ ಒತ್ತಿದರು. ಊರಿನವರು ಸುಮ್ಮನಿದ್ದರು. ಸಂಜಿಗೆ ನಮ್ಮ ಓಪನರ್ ಫೋನ್ ಮಾಡಿದ.

‘ದೋಸ್ತ, ನಿಮಗ ಚೊಲೋ ಆತು. ನಾವು ದನಕ್ಕ ಮೇವು ಹಾಕಿ, ಹುಬ್ಬಳ್ಳಿಗೆ ಬಂದು ಆಡಿ ಹೋಗಬೇಕಂದ್ರ ಅರ್ಧ ದಿನಾ ಹಾಳ. ನೀವು ಆಡ್ರಿ, ನಮ್ಮನ್ನ ಬಿಡ್ರಿ.’

ಬೇಸರ ಮಾಡಿಕೊಂಡು ಹೇಳಿದ್ದಲ್ಲ, ಲೆಕ್ಕ ಹೇಳಿದ್ದು. ಆದರೆ ಆ ‘ನಮ್ಮನ್ನ ಬಿಡ್ರಿ’ ಅನ್ನೋದು ಗ್ರೂಪಿನ ಕೊನೇ ಮೆಸೇಜು ಆಗಬಹುದಿತ್ತು. ಟರ್ಫಿಗೆ ಹೋದರೆ ಮ್ಯಾಚು ಉಳಿಯುತ್ತದೆ, ಟೀಮು ಒಡೆಯುತ್ತದೆ.

ಮೂರನೇ ಭಾನುವಾರ ಮುಂಜಾನೆ ಬಿಸಿಲು ಬಿತ್ತು, ಬಯಲು ಮಾತ್ರ ಆರಿರಲಿಲ್ಲ. ಆಟವಿಲ್ಲ ಅಂತ ಗೊತ್ತಿದ್ದೂ ನಾವು ನಾಲ್ವರು ಊರಿಗೆ ಹೋದೆವು. ಓಪನರ್ ಮನೆಯಲ್ಲಿ ರಾಶಿ ಮಾಡಿದ ಹೆಸರು ತಾಡಪತ್ರಿ ಕೆಳಗೆ ನಾಲ್ಕು ದಿನದಿಂದ ಬೆಚ್ಚಗಾಗುತ್ತಿತ್ತು. ಬಿಸಿಲು ಕಂಡಿದ್ದೇ ತಡ, ಡಾಂಬರು ರಸ್ತೆಯ ಬದಿಗೆ ಹರವಬೇಕು, ತಿರುವಬೇಕು, ಮೋಡ ಕಂಡರೆ ಓಡಿ ಮುಚ್ಚಬೇಕು. ಬೆಂಬಲ ಬೆಲೆಗೆ ಕೊಡಬೇಕಂದ್ರೆ ತೇವಾಂಶ ಶೇ 12 ಮೀರಬಾರದು. 2025–26ಕ್ಕೆ ಆ ಬೆಲೆ ಕ್ವಿಂಟಲ್‌ಗೆ ₹8,768. ಹಸಿ ಇದ್ದರೆ, ಕಾಳಿನ ಬಣ್ಣ ಹೋದರೆ ವ್ಯಾಪಾರಸ್ಥ ಕೇಳಿದ್ದೇ ರೇಟು. ನಾವು ಹೋಗಿದ್ದರಿಂದ ಕೈ ಹೆಚ್ಚಾದವು. ಮಧ್ಯಾಹ್ನ ಮೂರರ ಸುಮಾರಿಗೆ ಮೋಡ ಕಟ್ಟಿತು, ಹನಿ ಬೀಳುವುದರೊಳಗೆ ಕಾಳು ಚೀಲ ಸೇರಿತ್ತು. ಅವರ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು.

ಊಟಕ್ಕೆ ಕುಂತಾಗ ಅವನ ಅಪ್ಪ ಹೇಳಿದ ಮಾತು ನನಗೆ ಹೊಸದು. ‘ನಿಮ್ಮ ಆಟಕ್ಕ ಈ ಮಣ್ಣು ವೈರಿ ನೋಡ್ರಿ. ಆದ್ರ ನೀರು ಹಿಡಕೊಂಡು ಕುಂದರತೈತಿ ಅಂತನ ಹಿಂಗಾರಿಗೆ ಜ್ವಾಳ, ಕಡ್ಲಿ ಬರತಾವು.’ ಖರೇ. ಮಳೆ ಮುಗಿದ ಮೇಲೆ ಬಿತ್ತಿದ ಬಿಳಿಜೋಳ, ಕಡಲೆ ನೀರಾವರಿ ಇಲ್ಲದೆ ಮಣ್ಣೊಳಗಿನ ಹಸಿಯ ಮೇಲೆಯೇ ಬೆಳೆಯುತ್ತವೆ. ನಾವು ಬಗ್ ಅಂದುಕೊಂಡದ್ದು ಊರಿಗೆ ಫೀಚರ್.

ಈಗ ಗ್ರೂಪಿನಲ್ಲಿ ಹೊಸ ರೂಲು ಪಾಸಾಗಿದೆ. ಶನಿವಾರ ಸಂಜಿ ಊರಲ್ಲಿ ಇರುವವನೊಬ್ಬ ಬಯಲಿನಲ್ಲಿ ಹತ್ತು ಹೆಜ್ಜಿ ನಡೆಯಬೇಕು. ಚಪ್ಪಲಿಗೆ ರಾಡಿ ಹತ್ತಿದರೆ ಮ್ಯಾಚಿಲ್ಲ, ಎರಡೂ ಟೀಮಿಗೆ ಒಂದೊಂದು ಪಾಯಿಂಟು. ಹವಾಮಾನದ ಆ್ಯಪ್ ನೋಡಿ ವಾದ ಮಾಡುವಂತಿಲ್ಲ. ಆಟ ಇಲ್ಲದಿದ್ದರೂ ಸಿಟಿಯವರು ತಿಂಗಳಿಗೆ ಒಮ್ಮೆಯಾದರೂ ಊರಿಗೆ ಬರಬೇಕು, ಕೆಲಸ ಇದ್ದರೆ ಕೈ ಹಚ್ಚಬೇಕು. ಟರ್ಫು ವರ್ಷಕ್ಕೆ ಎರಡು ಸಲ, ಎಲ್ಲರಿಗೂ ಪುರಸೊತ್ತು ಇದ್ದಾಗ, ₹20ರ ಗಂಟಿನಿಂದ.

ನಿಮಗೂ ಇಂಥದ್ದೊಂದು ಭಾನುವಾರದ ಗ್ಯಾಂಗ್ ಇರಬಹುದು. ಗ್ರೌಂಡ್ ಬದಲಿಸುವ ಮೊದಲು, ಮೆಸೇಜಿಗೆ ಉತ್ತರ ಕೊಡದೇ ಸುಮ್ಮನಿದ್ದವರಿಗೆ ಒಂದು ಫೋನ್ ಮಾಡಿ. ನಮ್ಮ ಟೇಬಲ್‌ನಲ್ಲಿ ಸದ್ಯ ಎರಡೂ ಟೀಮು ಸಮಸಮ. ಉತ್ತರಿ ಮಳಿ ಸ್ವಲ್ಪ ವರಪು ಕೊಟ್ಟರೆ ಮುಂದಿನ ವಾರ ಗಿರ್ಮಿಟ್ ಯಾರದ್ದು ಅಂತ ತೀರ್ಮಾನ ಆಗುತ್ತದೆ.